ಆ ಗಿಡ ಯಾರು ಕಾಯತಾರ?



ಈ ಪಾಠ ಹುಟ್ಟಿದ್ದು ಒಂದು ಪ್ರಶ್ನೆಯಿಂದ. ಪ್ರಶ್ನೆ ಕೇಳಿದವರು ಬಮ್ಮಿಗಟ್ಟಿಯ ಕಲಿಕಾ ಕೇಂದ್ರದ ಒಬ್ಬ ಆಯಿ. ಅವರು ಓದಲು ಕಲಿತು ಇನ್ನೂ ವರ್ಷ ತುಂಬಿಲ್ಲ. ಈಗ ಬಸ್ಸಿನ ಬೋರ್ಡು ಓದುತ್ತಾರೆ. ಅಂಗಡಿಯ ಬೋರ್ಡು ಓದುತ್ತಾರೆ. ಗೋಡೆಯ ಮೇಲೆ ಬರೆದದ್ದನ್ನೂ ನಿಂತು ಓದುತ್ತಾರೆ.

ಬೇಸಿಗೆಯಲ್ಲಿ ಒಂದು ದಿನ ಆಯಿ ಧಾರವಾಡಕ್ಕೆ ಹೋಗಿದ್ದರು. ಸಂಜೆ ಕೇಂದ್ರಕ್ಕೆ ಬಂದವರೇ ಮಾತು ಶುರು ಮಾಡಿದರು.

"ಅಕ್ಕೋರ, ಇವತ್ತ ಒಂದು ಮಜಾ ಆತ್ರಿ. ಒಂದು ಗೇಟಿನ ಮ್ಯಾಲ 'ದೇವಾಲಯ' ಅಂತ ಬರದಿತ್ತು. ನಾನ ಓದಿದೆ. ಗುಡಿ ಅಂತ ತಿಳಕೊಂಡು ಒಳಗ ಹೋದೆ. ನೋಡಿದರ ಚರ್ಚು!"

ಎಲ್ಲರೂ ನಕ್ಕರು. ಆಯಿಯೂ ನಕ್ಕರು.

"ನಗಬ್ಯಾಡ್ರವಾ. ಯಾರೂ ಏನೂ ಅನ್ನಲಿಲ್ಲ. ಅಲ್ಲೇ ಗಿಡದ ನೆರಳಾಗ ಕುಂತೆ. ಎಂಥಾ ತಂಪು ಅಂತೀರಿ! ಹೊರಗ ಡಾಂಬರ ರಸ್ತೆ ಕಾದ ಹಂಚಿನಂಗ ಆಗಿತ್ತು. ಒಳಗ ಗಾಳಿ ಬೀಸತಿತ್ತು. ನನಗ ಒಂದು ತಿಳೀಲಿಲ್ರಿ. ರಸ್ತೆದಾಗಿನ ಗಿಡ ಹೋದವು. ಇಲ್ಲಿ ಹ್ಯಾಂಗ ಉಳದಾವು? ಆ ಗಿಡ ಯಾರು ಕಾಯತಾರ?"

ಆಯಿ ಹೇಳಿದ್ದು ನಿಜ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ರಸ್ತೆಯನ್ನು ನೋಡಿದವರಿಗೆ ಗೊತ್ತು. ರಸ್ತೆ ಅಗಲ ಮಾಡುವಾಗ ದಂಡೆಯ ದೊಡ್ಡ ದೊಡ್ಡ ಗಿಡಗಳು ಹೋದವು. ಬಸ್ಸು ಈಗ ಬೇಗ ಮುಟ್ಟುತ್ತದೆ. ಆದರೆ ಬಸ್ಸಿಗೆ ಕಾಯುವವರಿಗೆ ಮೊದಲಿನ ನೆರಳು ಇಲ್ಲ.

ಗಿಡ ಯಾರು ಕಾಯುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕೋಣ. ನಿಮ್ಮ ಊರಿನಲ್ಲಿ ಚರ್ಚು ಇರಬಹುದು, ಇರದೆ ಇರಬಹುದು. ಗುಡಿ, ಮಠ, ಮಸೂತಿ ಇದ್ದೇ ಇರುತ್ತದೆ. ಆದ್ದರಿಂದ ಈ ಪಾಠ ಎಲ್ಲರಿಗೂ ಬೇಕಾದದ್ದು.

ಸಭೆ ಅಂದರೆ ಜನ

ನಮಗೆ ಸಭೆ ಅಂದರೆ ಗ್ರಾಮಸಭೆ, ಸಂಘದ ಸಭೆ. ಕ್ರೈಸ್ತರಲ್ಲಿ ಈ ಮಾತಿಗೆ ಇನ್ನೊಂದು ಅರ್ಥ ಇದೆ. ಒಂದು ಚರ್ಚಿಗೆ ಸೇರಿದ ಎಲ್ಲ ಮನೆಯವರನ್ನೂ ಕೂಡಿಸಿ 'ಸಭೆ' ಎನ್ನುತ್ತಾರೆ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಅದರಲ್ಲಿ ಬಂದರು.

ನಮ್ಮ ಭಾಗಕ್ಕೆ ಇದು ಹೊಸದಲ್ಲ. ಸ್ವಿಟ್ಜರ್ಲೆಂಡ್ ದೇಶದ ಬಾಸೆಲ್ ಊರಿನ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡಕ್ಕೆ ಬಂದರು. ಶಾಲೆ ತೆರೆದರು. ಹುಬ್ಬಳ್ಳಿ, ಬೆಟಗೇರಿಗಳಲ್ಲೂ ಸಭೆಗಳು ಬೆಳೆದವು. ನಾವು ಮನೆಗೆ ಹೊದಿಸುವ ಮಂಗಳೂರು ಹಂಚು ಇದೆಯಲ್ಲ, ಅದರ ಕಾರ್ಖಾನೆಯನ್ನು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದವರೂ ಇವರೇ. ಇಂದು ಧಾರವಾಡದಲ್ಲಿ ದಕ್ಷಿಣ ಭಾರತ ಸಭೆಯ, ಅಂದರೆ ಸಿ.ಎಸ್.ಐ. ಸಭೆಯ, ದೊಡ್ಡ ಕಚೇರಿ ಇದೆ. ಕ್ಯಾಥೊಲಿಕ್ ಚರ್ಚುಗಳೂ ಇವೆ.

ಸಭೆಯವರು ಭಾನುವಾರಕ್ಕೊಮ್ಮೆ ಕೂಡುತ್ತಾರೆ. ವರ್ಷಕ್ಕೆ 52 ಭಾನುವಾರ. ಮಳೆ ಇರಲಿ, ಬಿಸಿಲಿರಲಿ, ಯಾರಾದರೂ ಬಂದೇ ಬರುತ್ತಾರೆ. ಅಂಗಳದ ಗಿಡ ಬಾಡಿದರೆ ಒಬ್ಬರಲ್ಲ ಒಬ್ಬರ ಕಣ್ಣಿಗೆ ಬೀಳುತ್ತದೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಜೂನ್ 5ರಂದು ಒಂದು ಬೇವಿನ ಸಸಿ ನೆಟ್ಟೆ. ಜೂನ್ 5 ವಿಶ್ವ ಪರಿಸರ ದಿನ. ಫೋಟೊ ತೆಗೆಸಿಕೊಂಡೆವು. ಚಹಾ ಕುಡಿದೆವು. ಮನೆಗೆ ಹೋದೆವು. ಆಮೇಲೆ ಆ ಸಸಿಯ ನೆನಪು ನನಗೆ ಬಂದದ್ದು ದೀಪಾವಳಿಗೆ. ಹೋಗಿ ನೋಡಿದರೆ ಒಂದು ಗೇಣು ಕಡ್ಡಿ ಉಳಿದಿತ್ತು. ಆಡು ತಿಂದಿತ್ತು. ಆಡಿನದೇನು ತಪ್ಪು? ಬೇಲಿ ಹಾಕದವಳು ನಾನು.

ಸಸಿ ನೆಡಲು ಅರ್ಧ ತಾಸು ಸಾಕು. ಅದನ್ನು ಮೂರು ಬೇಸಿಗೆ ದಾಟಿಸುವುದೇ ದೊಡ್ಡ ಕೆಲಸ. ಒಬ್ಬಳೇ ಹೆಂಗಸಿಗೆ ಅದು ಕಷ್ಟ. ಬಾಣಂತನ ಬರುತ್ತದೆ, ಸುಗ್ಗಿ ಬರುತ್ತದೆ, ತವರಿಗೆ ಹೋಗಬೇಕಾಗುತ್ತದೆ. ಕೂಡಿದ ಜನಕ್ಕೆ ಅದು ಕಷ್ಟವಲ್ಲ. ಒಬ್ಬರು ಇಲ್ಲದಿದ್ದರೆ ಇನ್ನೊಬ್ಬರು ನೀರು ಹಾಕುತ್ತಾರೆ.

"ಅಂದರ ಆಯಿ, ಆ ಗಿಡ ಒಬ್ಬರು ಕಾಯಂಗಿಲ್ರಿ. ಸಭೆ ಕಾಯತದ" ಎಂದೆ.

ಆಯಿ ಒಪ್ಪಲಿಲ್ಲ. "ಎಲ್ಲಾರದೂ ಅಂದರ ಯಾರದೂ ಅಲ್ಲ ಅಂತಾರಲ್ರಿ ಅಕ್ಕೋರ? ಊರ ದನಾ ಮೇದು ಹೋದರ ಯಾರನ್ನ ಕೇಳಬೇಕು?"

ಇದು ಗಟ್ಟಿ ಮಾತು. ಇದಕ್ಕೆ ಉತ್ತರ ಮುಂದೆ ಬರುತ್ತದೆ.

ಅವರ ಗ್ರಂಥದಲ್ಲಿ ಏನಿದೆ?

ಕ್ರೈಸ್ತರ ಗ್ರಂಥ ಬೈಬಲ್. ಅದರ ಮೊದಲ ಭಾಗದ ಹೆಸರು ಆದಿಕಾಂಡ. ದೇವರು ಮನುಷ್ಯನನ್ನು ಏದೆನ್ ಎಂಬ ತೋಟದಲ್ಲಿ ಇಟ್ಟ ಕಥೆ ಅಲ್ಲಿದೆ. ಯಾಕೆ ಇಟ್ಟ? ತೋಟವನ್ನು ಮಾಡಲು ಮತ್ತು ಕಾಯಲು. ಮಾಡುವುದು, ಕಾಯುವುದು ಎರಡೂ ಕೆಲಸ ಹೇಳಿದೆ. ನಾವು ಮನುಷ್ಯರು ಮೊದಲನೆಯದನ್ನು ಹಿಡಿದು ಎರಡನೆಯದನ್ನು ಬಿಟ್ಟೆವು.

ಇನ್ನೊಂದು ಕಡೆ ಯುದ್ಧದ ಮಾತು ಬರುತ್ತದೆ. ಶತ್ರುವಿನ ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಗಿಡ ಕಡಿಯಬಾರದು ಎಂದು ಅಲ್ಲಿ ಕಟ್ಟಳೆ ಇದೆ. ಮತ್ತೊಂದು ಕಡೆ ಹೊಲದ ಮಾತು. ಆರು ವರ್ಷ ಬಿತ್ತಿರಿ, ಏಳನೆಯ ವರ್ಷ ಹೊಲಕ್ಕೆ ವಿಶ್ರಾಂತಿ ಕೊಡಿ ಎನ್ನುತ್ತದೆ. ಆ ವರ್ಷ ತಾನಾಗಿ ಬೆಳೆದದ್ದು ಬಡವರಿಗೆ. ಬಡವರು ಬಿಟ್ಟದ್ದು ಕಾಡಿನ ಪ್ರಾಣಿಗಳಿಗೆ.

ಇದನ್ನು ಓದಿ ಹೇಳಿದಾಗ ಒಬ್ಬ ತಂಗಿ, "ನಮ್ಮ ಮುತ್ಯಾನೂ ಹೊಲಾ ಬೀಳ ಬಿಡತಿದ್ದ್ರಿ. ಈಗ ವರ್ಷಕ್ಕ ಎರಡ ಬೆಳಿ. ಗೊಬ್ಬರದ ಚೀಲ ಸುರದದ್ದೇ ಸುರದದ್ದು" ಎಂದಳು. ಸೋಯಾಬೀನು, ಗೋವಿನಜೋಳ ಬಿತ್ತುವ ನಮ್ಮ ತಾಲ್ಲೂಕಿನ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ಧರ್ಮಗಳಲ್ಲೂ ಇಂಥ ಮಾತುಗಳಿವೆ. ಗಿಡ ನೆಟ್ಟು ಅದರ ಫಲವನ್ನು ಹಕ್ಕಿ ತಿಂದರೂ ಅದು ದಾನ ಎಂದು ಮುಸಲ್ಮಾನರು ನಂಬುತ್ತಾರೆ. ಬನ್ನಿ, ಅರಳಿ, ಬೇವಿನ ಗಿಡಗಳನ್ನು ನಾವು ಸುತ್ತು ಹಾಕಿ ಪೂಜೆ ಮಾಡುತ್ತೇವೆ. ಮಾತಿಗೆ ಎಲ್ಲಿಯೂ ಬಡತನ ಇಲ್ಲ. ಆದ್ದರಿಂದ ಮಾತು ಬಿಟ್ಟು ಕೆಲಸ ನೋಡೋಣ.

ದೂರದ ಒಂದು ದೇಶದ ಸುದ್ದಿ

"ಹಿಂಗ ಗಿಡ ಉಳಿಸಿದ್ದು ಎಲ್ಯಾರ ಐತೇನ್ರಿ?" ಎಂದು ಆಯಿ ಕೇಳಿದರು. ಇದೆ. ಆದರೆ ಸ್ವಲ್ಪ ದೂರ. ಸಮುದ್ರ ದಾಟಿ ಆಫ್ರಿಕಾ ಖಂಡಕ್ಕೆ ಹೋಗಬೇಕು. ಅಲ್ಲಿ ಇಥಿಯೋಪಿಯ ಎಂಬ ದೇಶ ಇದೆ.

ಇಥಿಯೋಪಿಯದಲ್ಲಿ 1,600 ವರ್ಷಕ್ಕೂ ಹಿಂದಿನಿಂದ ಕ್ರೈಸ್ತರು ಇದ್ದಾರೆ. ಆ ದೇಶದ ಉತ್ತರ ಭಾಗ ಎತ್ತರದ ನೆಲ. ಜನ ನಮ್ಮಂತೆಯೇ ಬೇಸಾಯದವರು. ಎತ್ತು ಹೂಡಿ ಉಳುತ್ತಾರೆ. ದನ, ಕುರಿ, ಆಡು ಸಾಕುತ್ತಾರೆ. ಕಟ್ಟಿಗೆಯಿಂದ ಒಲೆ ಉರಿಸುತ್ತಾರೆ. ಹಿಂದೆ ಅಲ್ಲಿ ದಟ್ಟ ಕಾಡು ಇತ್ತು. ಹೊಲಕ್ಕೆಂದು ಕಡಿದರು, ಒಲೆಗೆಂದು ಕಡಿದರು. ಕಾಡು ಹೆಚ್ಚು ಕಡಿಮೆ ಮುಗಿದೇ ಹೋಯಿತು.

ಆದರೆ ಒಂದು ಕಡೆ ಉಳಿಯಿತು. ಎಲ್ಲಿ? ಚರ್ಚಿನ ಸುತ್ತ.

ಅಲ್ಲಿನ ಹಳ್ಳಿಯ ಚರ್ಚು ನಡುವೆ ಇರುತ್ತದೆ. ಸುತ್ತಲೂ ಕಾಡು. ಕಾಡು ಅಂದರೆ ಚರ್ಚಿನ ಉಡುಗೆ ಎಂದು ಜನ ತಿಳಿಯುತ್ತಾರೆ. ಮೈಮೇಲಿನ ಬಟ್ಟೆ ಯಾರಾದರೂ ಹರಿಯುತ್ತಾರೆಯೆ? ಹಾಗೆ ಆ ಗಿಡಕ್ಕೆ ಕೊಡಲಿ ಹಾಕಬಾರದು. ವಿಮಾನದಿಂದ ನೋಡಿದರೆ ಸುತ್ತಲೂ ಕೆಂಪು ಬಯಲು. ನಡುವೆ ಅಲ್ಲೊಂದು ಇಲ್ಲೊಂದು ಹಸಿರು ಬೊಟ್ಟು. ಒಂದೊಂದು ಬೊಟ್ಟಿನ ನಡುವೆಯೂ ಒಂದು ಚರ್ಚು. ಇಂಥವು ಸಾವಿರಾರು ಇವೆ. ಹೆಚ್ಚಿನವು ದೊಡ್ಡವಲ್ಲ, ನಮ್ಮ ಒಬ್ಬ ಅನುಕೂಲಸ್ಥ ರೈತನ ಹೊಲದಷ್ಟು.

ಸಣ್ಣ ಕಾಡಾದರೂ ಅದರ ಉಪಕಾರ ದೊಡ್ಡದು. ಬೇರೆಲ್ಲಿಯೂ ಸಿಗದ ಗಿಡಗಳ ಬೀಜ ಅಲ್ಲಿ ಸಿಗುತ್ತದೆ. ಜೇನುಹುಳ ಅಲ್ಲಿ ಗೂಡು ಕಟ್ಟಿ, ಸುತ್ತಲಿನ ಹೊಲದ ಹೂವಿಗೆ ಬರುತ್ತದೆ. ಹೂವಿಗೆ ಹುಳ ಬಂದರೆ ತಾನೆ ಕಾಯಿ ಕಟ್ಟುವುದು? ಬಿದ್ದ ಎಲೆ ಮಳೆನೀರನ್ನು ತಡೆದು ನೆಲಕ್ಕೆ ಇಳಿಸುತ್ತದೆ. ಅದರಿಂದ ಒರತೆ ಉಳಿಯುತ್ತದೆ.

ಇಷ್ಟಾದರೂ ಅವಕ್ಕೆ ಒಂದು ರೋಗ ಬಡಿಯಿತು. ಯಾರೂ ಕೊಡಲಿ ಹಾಕಲಿಲ್ಲ, ಆದರೂ ಕಾಡು ವರ್ಷ ವರ್ಷ ಸಣ್ಣದಾಯಿತು. ಯಾಕೆ? ದನ ಒಳಗೆ ಹೋಗುತ್ತಿದ್ದವು. ದೊಡ್ಡ ಗಿಡಕ್ಕೆ ಅವು ಏನೂ ಮಾಡಲಿಲ್ಲ. ಕೆಳಗೆ ಹುಟ್ಟಿದ ಸಸಿ ತಿಂದವು, ತುಳಿದವು. ಮುದುಕ ಗಿಡಗಳು ಇದ್ದವು, ಮರಿ ಗಿಡ ಇರಲಿಲ್ಲ. ಅಂಚಿನ ಹೊಲದವರು ವರ್ಷಕ್ಕೆ ಒಂದು ಗೆರೆ ಒಳಗೆ ನೇಗಿಲು ಒತ್ತಿದರು. ಬದುವು ಒತ್ತುವುದು ನಮ್ಮಲ್ಲಿ ಇಲ್ಲವೆ?

ಆ ದೇಶದವರೇ ಆದ ಅಲೆಮಾಯೆಹು ವಾಸಿ ಎಂಬ ವಿಜ್ಞಾನಿ ಈ ಕಾಡುಗಳನ್ನು ಅಳೆದು, ಗಿಡ ಎಣಿಸಿ ನೋಡಿದರು. ಮಾರ್ಗರೆಟ್ ಲೋಮನ್ ಎಂಬ ಅಮೆರಿಕದ ವಿಜ್ಞಾನಿ ಜೊತೆಗೂಡಿದರು. ಈಕೆ ಹೆಣ್ಣುಮಗಳು. ಗಿಡದ ತುದಿ ಹತ್ತಿ ಅಲ್ಲಿನ ಹುಳು ಹುಪ್ಪಟೆ ನೋಡುವುದೇ ಈಕೆಯ ಕೆಲಸ. ಇಬ್ಬರೂ ಚರ್ಚಿನ ಗುರುಗಳನ್ನು ಕೂಡಿಸಿದರು. ಆಕಾಶದಿಂದ ತೆಗೆದ ಚಿತ್ರಗಳನ್ನು ತೋರಿಸಿದರು. ತಮ್ಮ ಕಾಡು ಹೇಗೆ ಕರಗುತ್ತಿದೆ ಎಂದು ಗುರುಗಳು ಕಣ್ಣಾರೆ ಕಂಡರು.

ಏನು ಮಾಡಬೇಕು? ಗೋಡೆ ಕಟ್ಟಬೇಕು ಎಂದು ತೀರ್ಮಾನವಾಯಿತು. ಕಲ್ಲು ಎಲ್ಲಿಂದ? ಹೊಲದಿಂದ. ಅಲ್ಲಿನ ಹೊಲಗಳ ತುಂಬ ಕಲ್ಲು. ರೈತರು ಕಲ್ಲು ಆರಿಸಿ ತಂದರು. ಒಂದರ ಮೇಲೊಂದು ಇಟ್ಟು ಎದೆಯ ಮಟ್ಟ ಗೋಡೆ ಎತ್ತಿದರು. ಹೊಲ ಹಸನಾಯಿತು, ಕಾಡಿಗೆ ಗೋಡೆಯೂ ಆಯಿತು. ದನ ಹೊರಗೆ ಉಳಿದವು. ಗೋಡೆಯ ಒಳಗೆ ಮತ್ತೆ ಸಸಿ ಎದ್ದವು. ಅಂಚಿನ ನೇಗಿಲೂ ನಿಂತಿತು. ಗೋಡೆ ದಾಟಿ ಯಾರು ಉಳುತ್ತಾರೆ?

ಆಯಿಯ ಪ್ರಶ್ನೆ ನೆನಪಿದೆಯೆ? ಎಲ್ಲರದೂ ಅಂದರೆ ಯಾರದೂ ಅಲ್ಲ, ಎಂದಿದ್ದರು. ಇಥಿಯೋಪಿಯದಲ್ಲಿ ಭಕ್ತಿ ಕೊಡಲಿಯನ್ನು ತಡೆಯಿತು, ದನವನ್ನು ತಡೆಯಲಿಲ್ಲ. ದನವನ್ನು ತಡೆದದ್ದು ಗೋಡೆ.

"ಹಂಗಾರ ಬೇಲಿ ಇಲ್ಲದ ಭಕ್ತಿ ಆಡಿನ ಪಾಲು" ಎಂದರು ಆಯಿ.

ಕೊಡಗಿನಲ್ಲಿ ದೇವರಕಾಡುಗಳಿವೆ. 1,200ಕ್ಕೂ ಹೆಚ್ಚು. ಅವು ಊರ ದೇವರ ಹೆಸರಿನಲ್ಲಿ ಉಳಿದ ಕಾಡುಗಳು. ಅಲ್ಲೂ ಇದೇ ಕಥೆ. ನಂಬಿಕೆಯಿಂದ ಉಳಿದವು, ಒತ್ತುವರಿಯಿಂದ ಕೆಲವು ಕರಗಿದವು.

ಯಾವ ಗಿಡ, ಹೇಗೆ?

ಗುಡಿಯಾಗಲಿ ಚರ್ಚಾಗಲಿ, ಅಂಗಳಕ್ಕೆ ನಮ್ಮ ನೆಲದ ಗಿಡವೇ ಸರಿ. ಬೇವು, ಹುಲಗಲ, ಹುಣಸೆ, ನೇರಳೆ, ಮಾವು, ಅತ್ತಿ, ಬಸರಿ. ಜಾಗ ದೊಡ್ಡದಿದ್ದರೆ ಆಲ. ಗೋಡೆಗೆ ಹತ್ತಿ ಆಲ, ಬಸರಿ ನೆಡಬೇಡಿ. ಬೇರು ತಳಪಾಯಕ್ಕೆ ಹೋಗುತ್ತದೆ. ನೀಲಗಿರಿ ಬೇಡ. ಅದರ ಕೆಳಗೆ ಕೂಡಲು ನೆರಳೂ ಇಲ್ಲ, ಹಕ್ಕಿಗೆ ಹಣ್ಣೂ ಇಲ್ಲ.

ಬೇಸಿಗೆಯಲ್ಲೇ ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡಿ. ಮಿರಗದ ಮಳೆ ಬಿದ್ದು ನೆಲ ನೆನೆದ ಮೇಲೆ ತಿಪ್ಪೆಗೊಬ್ಬರ ಬೆರೆಸಿ ಸಸಿ ನೆಡಿ. ಅದೇ ದಿನ ಜಾಲಿ ಮುಳ್ಳಿನ ಬೇಲಿ ಹಾಕಿ. ನಾಳೆ ಹಾಕೋಣ ಎನ್ನಬೇಡಿ. ಆಡು ನಾಳೆಯವರೆಗೆ ಕಾಯುವುದಿಲ್ಲ.

ಬೇಸಿಗೆಗೆ ಒಂದು ಉಪಾಯ ಇದೆ. ಹಳೆಯ ಮಣ್ಣಿನ ಗಡಿಗೆಯನ್ನು ಸಸಿಯ ಪಕ್ಕ ಕುತ್ತಿಗೆಯವರೆಗೆ ಹೂಳಿ. ನೀರು ತುಂಬಿ ಬಾಯಿ ಮುಚ್ಚಿ. ಗಡಿಗೆ ಬೆವರಿದ ಹಾಗೆ ನೀರು ನಿಧಾನವಾಗಿ ಬೇರಿಗೆ ಇಳಿಯುತ್ತದೆ. ದಿನವೂ ಕೊಡ ಹೊರುವುದು ತಪ್ಪುತ್ತದೆ. ಹೊಸ ಗಡಿಗೆಯೇ ಬೇಕೆಂದಿಲ್ಲ. ಬಾಯಿ ಒಡೆದದ್ದೂ ಆದೀತು. ತಳ ಒಡೆದಿರಬಾರದು, ಅಷ್ಟೆ.

ಹೆಸರಿನ ಮಾತು ಒಂದು ಇದೆ. ಸಭೆಯಲ್ಲಿ ಮಗುವಿಗೆ ದೀಕ್ಷಾಸ್ನಾನ ಕೊಡಿಸುವ ದಿನ ಆ ಮನೆಯವರಿಗೆ ಒಂದು ಸಸಿ ಒಪ್ಪಿಸಬಹುದು. ಗುಡಿಯಲ್ಲಿ ಜಾವಳ ತೆಗೆಸುವ ದಿನವೂ ಆಗಬಹುದು. ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೇ ಹೆಸರಾದದ್ದು. ತೊಟ್ಟಿಲಿಗೆ ಸಾಗವಾನಿ ಬೇಕು. ತೊಟ್ಟಿಲಿಗೊಂದು ಗಿಡ ಎಂದು ನಮ್ಮ ತಾಲ್ಲೂಕಿನವರು ಹಿಡಿದರೆ ತಪ್ಪೇನು? ಎಲ್ಲರ ಗಿಡ ಎಂದರೆ ಬಾಡುತ್ತದೆ. ಇಂಥವರ ಮಗುವಿನ ಗಿಡ ಎಂದರೆ ತಾಯಿ ತಿರುಗಿ ನೋಡದೆ ಹೋಗುವುದಿಲ್ಲ.

ಹಂಚಿನ ಮೇಲೆ ಬಿದ್ದ ನೀರು

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ.

ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ಜಾಗದ ಮೇಲೆ 1 ಮಿಲಿಮೀಟರು ಮಳೆ ಬಿದ್ದರೆ 1 ಲೀಟರು ನೀರು. ಇಷ್ಟು ನೆನಪಿಟ್ಟರೆ ಸಾಕು.

ಒಂದು ಚರ್ಚು 20 ಮೀಟರು ಉದ್ದ, 10 ಮೀಟರು ಅಗಲ ಇದೆ ಎನ್ನೋಣ. 20ನ್ನು 10ರಿಂದ ಗುಣಿಸಿದರೆ 200. ಒಂದು ದಿನ 20 ಮಿಲಿಮೀಟರು ಮಳೆ ಬಿತ್ತು. 200ನ್ನು 20ರಿಂದ ಗುಣಿಸಿದರೆ 4,000 ಲೀಟರು. ಸ್ವಲ್ಪ ನೀರು ಹಂಚು ಕುಡಿಯುತ್ತದೆ, ಸ್ವಲ್ಪ ಸಿಡಿದು ಹೋಗುತ್ತದೆ. ಐದು ಪಾಲಿನಲ್ಲಿ ಒಂದು ಪಾಲು ಬಿಟ್ಟರೂ 3,200 ಲೀಟರು ಸಿಗುತ್ತದೆ. ಒಂದು ಕೊಡಕ್ಕೆ 15 ಲೀಟರು ಹಿಡಿದರೆ 213 ಕೊಡ!

ಇದನ್ನು ಹಲಗೆಯ ಮೇಲೆ ಬರೆದಾಗ ಯಾರೂ ಮಾತಾಡಲಿಲ್ಲ. 213 ಕೊಡ ಹೊರುವುದು ಎಂದರೆ ಏನು ಎಂದು ಗಂಡಸರಿಗೆ ಲೆಕ್ಕದಿಂದ ತಿಳಿಯಬೇಕು. ನಮಗೆ ಸೊಂಟದಿಂದ ತಿಳಿಯುತ್ತದೆ.

ನೀರಿನ ಬೆಲೆ ನವಲಗುಂದ, ಅಣ್ಣಿಗೇರಿ ಕಡೆಯವರನ್ನು ಕೇಳಿ. ಅಲ್ಲಿ ಅನೇಕ ಊರುಗಳಲ್ಲಿ ನೆಲದ ನೀರು ಸವಳು. ಬೋರು ಹೊಡೆದರೂ ಕುಡಿಯಲು ಬರುವುದಿಲ್ಲ. ಕೆರೆಯ ನೀರೇ ಕುಡಿಯಬೇಕು. ಹಾಗಾಗಿ ಕುಡಿಯುವ ಕೆರೆಯಲ್ಲಿ ಬಟ್ಟೆ ಒಗೆಯಲು ಬಿಡುವುದಿಲ್ಲ, ದನ ಇಳಿಸಲು ಬಿಡುವುದಿಲ್ಲ. ಮಳೆ ಹೆಚ್ಚು ಎಂದು ಹೆಸರಾದ ಮಂಗಳೂರಿಗೂ 2019ರ ಬೇಸಿಗೆಯಲ್ಲಿ ಕುಡಿಯುವ ನೀರಿನ ಬರ ಬಂತು. ನಗರಕ್ಕೆ ಸರದಿಯ ಮೇಲೆ ನೀರು ಬಿಟ್ಟರು. ಆ ವರ್ಷ ಅಲ್ಲಿನ ಕ್ಯಾಥೊಲಿಕ್ ಚರ್ಚಿನವರು ಮಳೆನೀರು ಹಿಡಿದು ಬಾವಿಗೆ ಇಳಿಸುವ ಕೆಲಸಕ್ಕೆ ಕೈ ಹಾಕಿದರು. ನಮ್ಮ ಕಲಘಟಗಿ ತಾಲ್ಲೂಕಿನ ಸೂರಶೆಟ್ಟಿಕೊಪ್ಪದ ಸುತ್ತ ಬಾಯಿಫ್ ಸಂಸ್ಥೆಯ ನೆರವಿನಿಂದ ರೈತರು ಹೊಲಗಳಲ್ಲಿ ಕೃಷಿ ಹೊಂಡ ತೋಡಿದ್ದಾರೆ. ಹರಿದು ಹೋಗುವ ನೀರನ್ನು ನಿಲ್ಲಿಸುವುದೇ ಇಲ್ಲೂ ಅಲ್ಲೂ ಇರುವ ಯುಕ್ತಿ.

ಚಾವಣಿಯ ನೀರು ಹಿಡಿಯಲು ಅಂಚಿಗೆ ದೋಣಿ ಕಟ್ಟಬೇಕು. ಹಂಚಿನ ಮನೆಯವರಿಗೆ ದೋಣಿ ಗೊತ್ತು. ಅಲ್ಲಿಂದ ಪೈಪಿನಲ್ಲಿ ತೊಟ್ಟಿಗೆ. ಮೊದಲ ಮಳೆಯ ನೀರು ಹೊರಗೆ ಬಿಡಿ. ಅದರಲ್ಲಿ ಧೂಳು, ಹಕ್ಕಿಯ ಹಿಕ್ಕೆ ಇರುತ್ತದೆ. ಪೈಪಿನ ಬಾಯಿಗೆ ಜಾಳಿಗೆ ಕಟ್ಟಿ. ತೊಟ್ಟಿಯ ಬಾಯಿ ಬಿಗಿಯಾಗಿ ಮುಚ್ಚಿ. ತೆರೆದು ಇಟ್ಟರೆ ಡೆಂಗಿ ಜ್ವರದ ಸೊಳ್ಳೆ ಮೊಟ್ಟೆ ಇಡುತ್ತದೆ. ಆ ಸೊಳ್ಳೆಗೆ ತಿಳಿನೀರೇ ಬೇಕು. ಈ ನೀರು ಗಿಡಕ್ಕೆ, ಪಾತ್ರೆಗೆ, ಬಟ್ಟೆಗೆ ಸಾಕು. ಕುಡಿಯುವುದಾದರೆ ಸೋಸಿ, ಕುದಿಸಿ ಕುಡಿಯಬೇಕು. ತೊಟ್ಟಿ ಕಟ್ಟಲು ಹಣ ಇಲ್ಲವೆ? ಪೈಪನ್ನು ಒಂದು ಇಂಗುಗುಂಡಿಗೆ ಬಿಡಿ. ನೀರು ನೆಲಕ್ಕೆ ಇಳಿಯಲಿ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಈಗ ಚರ್ಚು, ಗುಡಿ ಎಲ್ಲ ಕಡೆ ಅಂಗಳಕ್ಕೆ ಸಿಮೆಂಟು ಬಡಿಯುವ ಚಟ ಬಂದಿದೆ. ಕೆಸರು ಆಗುವುದಿಲ್ಲ, ಗಾಡಿ ನಿಲ್ಲಿಸಲು ಅನುಕೂಲ ಎನ್ನುತ್ತಾರೆ. ನನಗೆ ಅದು ಸೇರುವುದಿಲ್ಲ. ಸಿಮೆಂಟು ಗಿಡದ ಬುಡಕ್ಕೆ ಬಂದರೆ ನೀರು ಇಳಿಯುವುದಿಲ್ಲ. ನಡೆಯುವ ದಾರಿಗೆ ಮಾತ್ರ ಹಾಕಿ, ಉಳಿದದ್ದು ಮಣ್ಣೇ ಇರಲಿ.

ಹಬ್ಬದ ಊಟ, ಗೋರಿಯ ಹೂವು

ಕ್ರೈಸ್ತರಲ್ಲೂ ಸುಗ್ಗಿಯ ಹಬ್ಬ ಇದೆ. ಹೊಲದ ಮೊದಲ ಫಲ ತಂದು ಚರ್ಚಿನಲ್ಲಿ ಇಡುತ್ತಾರೆ. ತೆನೆ, ಕುಂಬಳ, ಬಾಳೆಗೊನೆ, ಕೋಳಿ ಕೂಡ. ಆಮೇಲೆ ಹರಾಜು. ಅದನ್ನು ನೋಡುವುದೇ ಒಂದು ಸಂಭ್ರಮ. ಮಂಗಳೂರು ಕಡೆಯ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬ ಮಾಡುತ್ತಾರೆ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ತಂದು ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಮನೆಗೆ ಒಯ್ದು ಹೊಸ ಅಕ್ಕಿ ಊಟ ಮಾಡುತ್ತಾರೆ. ಗದ್ದೆ ಇದ್ದರೆ ತೆನೆ, ಬೇಲಿಯಲ್ಲಿ ಹೂ ಇದ್ದರೆ ಹಬ್ಬ. ಬೇಲಿ ಹೋಗಿ ಕಂಪೌಂಡು ಬಂದ ಕಡೆ ಮಕ್ಕಳು ಹೂವನ್ನು ಅಂಗಡಿಯಿಂದ ತರಬೇಕು.

ಹಬ್ಬ ಮುಗಿದ ಮರುದಿನ ಏನು ಉಳಿಯುತ್ತದೆ? ಥರ್ಮೊಕೋಲ್ ತಾಟು, ಪ್ಲಾಸ್ಟಿಕ್ ಲೋಟ, ಬ್ಯಾನರು. ಕರ್ನಾಟಕದಲ್ಲಿ 2016ರಲ್ಲಿ ಇವನ್ನು ನಿಷೇಧ ಮಾಡಿದರು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ಸಾಮಾನಿಗೆ ದೇಶಕ್ಕೆಲ್ಲ ನಿಷೇಧ ಬಂತು. ಕಾನೂನು ಇದೆ. ತಾಟೂ ಸಂತೆಯಲ್ಲಿ ಸಿಗುತ್ತದೆ! ಅನ್ನ ಅಂಟಿದ ತಾಟನ್ನು ದನ ತಿನ್ನುತ್ತವೆ. ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಗಂಟು ಕಟ್ಟಿ ದನ ಸಾಯುತ್ತದೆ. ಬೆಂಕಿ ಹಚ್ಚಿದರೆ ಹೊಗೆ ನಮ್ಮ ಮಕ್ಕಳ ಎದೆಗೆ.

ಮುತ್ತಲ ಎಲೆಯ ಪತ್ರೋಳಿ ಇದ್ದರೆ ಒಳ್ಳೆಯದು. ಇನ್ನೂ ಒಳ್ಳೆಯದು ಸಭೆಯದೇ ಸ್ಟೀಲ್ ತಾಟು, ಲೋಟ. ಹೆಂಗಸರ ಕೂಟದವರು ಮನೆಗಿಷ್ಟು ಎಂದು ಕೂಡಿಸಿ ನೂರು ತಾಟು ಕೊಳ್ಳಬಹುದು. ಮದುವೆ, ಸೀಮಂತಕ್ಕೆ ಬಾಡಿಗೆ ಕೊಟ್ಟರೆ ಕೊಂಡ ಹಣ ತಿರುಗಿ ಬರುತ್ತದೆ. ತೊಳೆಯುವವರು ಯಾರು ಎನ್ನುತ್ತೀರಿ. ನ್ಯಾಯವಾದ ಪ್ರಶ್ನೆ. ಉಂಡವರೇ ತೊಳೆಯಲಿ, ಗಂಡಸರೂ ಸೇರಿ. ಇದನ್ನು ಮೊದಲೇ ಗೊತ್ತು ಮಾಡದಿದ್ದರೆ ಆ ನೂರು ತಾಟು ನಮ್ಮ ಕೈಗೇ ಬರುತ್ತವೆ.

ಇನ್ನೊಂದು ಜಾಗ ನಾವು ಮರೆಯುತ್ತೇವೆ. ಅದು ಗೋರಿಗಳ ಜಾಗ. ಕ್ರೈಸ್ತರು ಹೂಳುತ್ತಾರೆ. ಮುಸಲ್ಮಾನರು ಹೂಳುತ್ತಾರೆ. ನಮ್ಮ ಲಿಂಗಾಯತರೂ ಹೂಳುತ್ತಾರೆ. ಆ ಜಾಗವನ್ನು ಯಾರೂ ಉಳುವುದಿಲ್ಲ, ಮನೆ ಕಟ್ಟುವುದಿಲ್ಲ. ಗಿಡಕ್ಕೆ ಇದಕ್ಕಿಂತ ನೆಮ್ಮದಿಯ ಜಾಗ ಎಲ್ಲಿ? ನವೆಂಬರ್ 2ರಂದು ಕ್ಯಾಥೊಲಿಕರು ತೀರಿಕೊಂಡವರ ಗೋರಿ ತೊಳೆದು, ಹೂ ಇಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಪ್ಲಾಸ್ಟಿಕ್ ಹೂವಿನ ಬದಲು ಚೆಂಡುಹೂವು ಸಾಕು. ಬಾಡಿದ ಮೇಲೆ ಅದು ಮಣ್ಣಾಗುತ್ತದೆ.

"ನನ್ನ ಮ್ಯಾಲ ಒಂದು ನೇರಲ ಗಿಡ ಹಚ್ರಿ" ಎಂದರು ಆಯಿ. "ಹುಡುಗೂರು ಹಣ್ಣಿಗೆ ಬರತಾವು. ಒಬ್ಬಾಕಿನ ಇರೂದು ತಪ್ಪತದ."

ಯಾರನ್ನು ಕೇಳಬೇಕು?

ಚರ್ಚಿನ ಕಸ ಗುಡಿಸುವವರು ಹೆಚ್ಚಾಗಿ ಹೆಂಗಸರು. ಹೂ ಇಡುವವರು ಹೆಂಗಸರು. ಆದರೆ ಅಂಗಳಕ್ಕೆ ಸಿಮೆಂಟು ಹಾಕಬೇಕೋ, ತೊಟ್ಟಿ ಕಟ್ಟಬೇಕೋ ಎಂದು ಗೊತ್ತು ಮಾಡುವುದು ಸಮಿತಿ. ಸಮಿತಿಯಲ್ಲಿ ಹೆಂಗಸರು ಎಷ್ಟು ಜನ? ಗುಡಿಯ ಕಮಿಟಿಯಲ್ಲಿ ಎಷ್ಟು? ಗ್ರಾಮ ಪಂಚಾಯತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು ಇದೆ. ದೇವರ ಮನೆಗೆ ಆ ಕಾಯದೆ ಇಲ್ಲ. ಅಲ್ಲಿ ನಾವಾಗಿ ಹೋಗಿ ಕೇಳಬೇಕು.

ಕೇಳುವಾಗ ಬಾಯಿಮಾತಿಗಿಂತ ಅರ್ಜಿ ಬರೆಯುವುದು ಒಳ್ಳೆಯದು. ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ಓದಲು ಮಾತ್ರವೆ? ಅರ್ಜಿಯಲ್ಲಿ ಲೆಕ್ಕ ಇರಲಿ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಕೊಡ ನೀರು. ಸಹಿ ಹಾಕಿ, ತಾರೀಖು ಬರೆಯಿರಿ. ಒಂದು ನಕಲು ನಿಮ್ಮ ಹತ್ತಿರ ಇರಲಿ.

ಅಳೆದು ಬರೆಯಿರಿ

ಅಳೆಯಲು ಟೇಪು ಇಲ್ಲವೆ? ನಿಮ್ಮ ಸೀರೆ ಇದೆ. ಸಾಮಾನ್ಯ ಸೀರೆ ಐದೂವರೆ ಮೀಟರು. ಇಬ್ಬರು ಹಿಡಿದು ಗೋಡೆಗುಂಟ ಅಳೆಯಿರಿ.

ಮುಂದಿನ ವಾರ ಆಯಿಯೂ ಇನ್ನೊಬ್ಬ ತಂಗಿಯೂ ಹೀಗೆಯೇ ಒಂದು ಗುಡಿ ಅಳೆದು ಬಂದರು. ಎರಡು ಸೀರೆ ಉದ್ದ, ಒಂದು ಸೀರೆ ಅಗಲ. ಅಂದರೆ 11 ಮೀಟರು, ಐದೂವರೆ ಮೀಟರು. ಗುಣಿಸಿದರೆ 60 ಚಿಲ್ಲರೆ. 20 ಮಿಲಿಮೀಟರು ಮಳೆಗೆ 1,200 ಲೀಟರು. ಐದರಲ್ಲಿ ಒಂದು ಪಾಲು ಕಳೆದರೆ 960 ಲೀಟರು. 64 ಕೊಡ.

ಆಯಿ ಇದನ್ನು ತಮ್ಮ ಪಾಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರು. ಕೆಳಗೆ ಇನ್ನೂ ಒಂದು ಸಾಲು ಬರೆದು ನನಗೆ ತೋರಿಸಿದರು. ಒತ್ತಕ್ಷರ ಒಂದು ತಪ್ಪಿತ್ತು. ನಾನು ತಿದ್ದಲಿಲ್ಲ. ಅಲ್ಲಿ ಹೀಗೆ ಇತ್ತು: "ಬೇಲಿಗೆ ಮುಳ್ಳು ನಾನು ತರತೇನಿ. ತೊಟ್ಟಿ ಕೀಲಿ ಯಾರ ಕಡೆ ಇರಬೇಕು?"

ನಿಮ್ಮ ಊರಿನ ಗುಡಿ, ಮಸೂತಿ ಅಥವಾ ಚರ್ಚು ಅಳೆದು, ಕೆಳಗಿನ ಜಾಗದಲ್ಲಿ ಬರೆಯಿರಿ.

ಉದ್ದ ______ ಸೀರೆ. ಅಗಲ ______ ಸೀರೆ.

20 ಮಿಲಿಮೀಟರು ಮಳೆಗೆ ಸಿಗುವ ನೀರು ______ ಕೊಡ.

ಅಂಗಳದಲ್ಲಿ ಇರುವ ಗಿಡ ______. ಬೇಲಿ ಇರುವ ಗಿಡ ______.

ಕೀಲಿ ಇಟ್ಟುಕೊಳ್ಳುವವರ ಹೆಸರು ____________.